ಹೆಸರು ಹೇಳದೆ ಅರೆದ ಮೆಣಸಿನಕಾಯಿ

ಸುಶೀಲಳ ಮನೆಯಲ್ಲಿ ಉಪ್ಪಿಗೆ ಬೀಗ ಬಿದ್ದು ನಾಲ್ಕು ತಿಂಗಳಾಗಿತ್ತು. ಮಾತಿಗೆ ಹೇಳಿದ್ದಲ್ಲ, ನಿಜವಾದ ಬೀಗವೇ. ಕಲ್ಲುಪ್ಪಿನ ಜಾಡಿ, ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ, ಅಪ್ಪಳದ ಡಬ್ಬ, ಮೂರೂ ಬೀರುವಿನೊಳಗೆ ಅವಳ ಮದುವೆ ಸೀರೆಯ ಪಕ್ಕ ಕೂತಿದ್ದವು. ಕೀಲಿ ಅವಳ ಸೊಂಟದ ಎಲೆಯಡಿಕೆ ಚೀಲದಲ್ಲಿ. ಅಡುಗೆಗೆ ಬೇಕಾದಷ್ಟು ಉಪ್ಪನ್ನು ದಿನಾ ಬೆಳಿಗ್ಗೆ ತಾನೇ ಚಿಕ್ಕ ಚಮಚದಲ್ಲಿ ಎತ್ತಿ ಕೊಡುತ್ತಿದ್ದಳು, ಗುಡಿಯಲ್ಲಿ ವಿಭೂತಿ ಕೊಟ್ಟ ಹಾಗೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುವ ಮಗ ಕಣ್ಣನ್ ಭಾನುವಾರ ಮನೆಗೆ ಬಂದರೆ ಮೊದಲ ತುತ್ತಿಗೇ ಮುಖ ಹಿಂಡುತ್ತಿದ್ದ. "ಅವ್ವಾ, ಜೈಲಲ್ಲೂ ಇದಕ್ಕಿಂತ ಜಾಸ್ತಿ ಉಪ್ಪು ಹಾಕ್ತಾರೆ" ಎಂದರೆ, "ಹಂಗಾದ್ರೆ ಅಲ್ಲಿಗೇ ಹೋಗಿ ತಿನ್ನು" ಎನ್ನುವಳು.

ಇಷ್ಟಕ್ಕೆಲ್ಲ ಕಾರಣ ಅವಳ ಗಂಡ ಚೆನ್ನಿಯಪ್ಪನ್. ಕಿಣತ್ತುಕಡವಿನಿಂದ ಎರಡು ಮೈಲಿ ಒಳಗಿರುವ ಆ ನೇಕಾರರ ಬೀದಿಯಲ್ಲಿ ನಲವತ್ತು ವರ್ಷ ಗುಂಡಿಮಗ್ಗದಲ್ಲಿ ಕಾಲಿಟ್ಟು ಕೂತು ನೇಯ್ದವನು. ಆರು ತಿಂಗಳ ಹಿಂದೆ ಅವನ ಹೊಟ್ಟೆ ಉಬ್ಬಿತು. ಕೋಯಮತ್ತೂರಿನ ಆಸ್ಪತ್ರೆಯಲ್ಲಿ ನೋಡಿದರೆ ಲಿವರ್ ಸುರುಟಿಕೊಂಡು ಗಟ್ಟಿಯಾಗಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ ಅಂದರು. ಬೀದಿಯವರ ಬಾಯಿಗೆ ಅಷ್ಟು ಸಾಕಾಯಿತು. ಲಿವರ್ ಅಂದ ಮೇಲೆ ಕುಡಿತವೇ ಇರಬೇಕಲ್ಲ! ಆ ಮನುಷ್ಯ ಹೆಂಡದ ವಾಸನೆಯನ್ನೂ ನೋಡಿದವನಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಕೂತಲ್ಲೇ ಕೂತು ಬೆಳೆದ ಕೊಬ್ಬು, ಇದರಿಂದಲೂ ಲಿವರ್ ಕೆಡುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಸುಶೀಲ ಅದನ್ನು ಎಷ್ಟು ಜನಕ್ಕೆ ಹೇಳಿದರೂ ಅವರು "ಪಾವಂ, ಅಯ್ಯೋ ಪಾಪ" ಎಂದು ತಲೆಯಾಡಿಸಿ, ಮೂಲೆ ತಿರುಗಿದ ಮೇಲೆ ನಗುತ್ತಿದ್ದರು. ಹಾಳಾಗಿ ಹೋಗಲಿ ಅವರ ನಗು.

ಹೊಟ್ಟೆಯ ನೀರು ತೆಗೆಸಿ ಮನೆಗೆ ಕಳಿಸುವಾಗ ಡಾಕ್ಟರಮ್ಮ ನಿವೇತಾ ಮೂರು ಮಾತು ಹೇಳಿದ್ದಳು. ಉಪ್ಪು ಬಹಳ ಕಡಿಮೆ. ದಿನಾ ಬೆಳಿಗ್ಗೆ ತೂಕ. ನಮ್ಮನ್ನು ಕೇಳದೆ ಬೇರೆ ಮಾತ್ರೆ ಬೇಡ. ತೂಕ ಏರಿದರೆ ಒಳಗೆ ಮತ್ತೆ ನೀರು ಸೇರುತ್ತಿದೆ ಎಂದರ್ಥ, ಇನ್ನೊಮ್ಮೆ ಹಾಗಾದರೆ ಕಷ್ಟ, ಕಿಡ್ನಿಯೂ ಕೈಕೊಡಬಹುದು. ಈ ಕೊನೆಯ ಮಾತು ಸುಶೀಲಳ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಮಗ್ಗದ ಕೋಣೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಬೆಳಗಾದರೆ ಗಂಡನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಂದ ಸಂಖ್ಯೆಯನ್ನು ಆ ದಿನದ ಹಾಳೆಯ ಮೇಲೆ ಬರೆದು, ಹರಿದು, ಒಂದು ತಂತಿಗೆ ಚುಚ್ಚಿಡುತ್ತಿದ್ದಳು. ಮೂರೂವರೆ ತಿಂಗಳು ಆ ಹಾಳೆಗಳೆಲ್ಲ ಐವತ್ತೆಂಟರ ಆಸುಪಾಸಿನಲ್ಲೇ ಇದ್ದವು. ಹತ್ತು ದಿನಗಳಿಂದ ಮಾತ್ರ ಲೆಕ್ಕ ತಪ್ಪಿತ್ತು. ಐವತ್ತೆಂಟೂವರೆ. ಐವತ್ತೊಂಬತ್ತು ಕಾಲು. ಅರವತ್ತು. ಈ ಬುಧವಾರ ಬೆಳಿಗ್ಗೆ ಅರವತ್ತೊಂದು.

"ಯಂತ್ರ ಕೆಟ್ಟಿರ್ಬೇಕು ಬುಡು" ಎಂದ ಚೆನ್ನಿಯಪ್ಪನ್.

"ಯಂತ್ರ ಕೆಟ್ಟಿಲ್ಲ. ಕಾಲು ನೋಡ್ಕೊಳ್ಳಿ, ಹೆಂಗೆ ಬಾತಿದೆ" ಎಂದಳು. ಅವಳ ಬೆರಳು ಒತ್ತಿದ ಕಡೆ ಅವನ ಕಣಕಾಲಿನಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು.

ಆ ಕಾಲುಗಳದ್ದು ಬೇರೆಯೇ ಒಂದು ಕಥೆ. ಹೊಟ್ಟೆಗಿಂತ ಹೆಚ್ಚಾಗಿ ಅವನನ್ನು ಅರೆಯುತ್ತಿದ್ದುದು ಕಾಲಿನ ಸೆಳೆತ. ಸುಮ್ಮನೆ ಕೂತಿರುವಾಗಲೇ ಮೀನಖಂಡ ಕಲ್ಲಿನ ಉಂಡೆಯಾಗಿ ಮೇಲೆ ಏಳುವುದು, ಕಾಲ್ಬೆರಳುಗಳು ಒಂದೊಂದು ದಿಕ್ಕಿಗೆ ತಿರುಚಿಕೊಳ್ಳುವುದು. ಮಗ್ಗದ ಹಲಗೆ ಕಾಲಿನ ಮೇಲೆ ಬಿದ್ದಾಗಲೂ ಹಲ್ಲು ಕಚ್ಚಿ ಸುಮ್ಮನಿದ್ದ ಗಂಡಸು, ಈ ಸೆಳೆತ ಬಂದರೆ ಪಕ್ಕದ ಮನೆಯ ಚಂದ್ರಾ ಓಡಿ ಬರುವ ಹಾಗೆ ಕೂಗುತ್ತಿದ್ದ. ಲಿವರ್ ಕೆಟ್ಟವರಿಗೆ ಇದು ಬರುವುದುಂಟು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹೇಳಿದರೇನು, ನೋಡುವವಳಿಗೆ ಕರುಳು ಕಿತ್ತು ಬರುತ್ತಿತ್ತು. ಎಣ್ಣೆ ತೀಡಿದಳು, ಕೈಗೆ ಕಬ್ಬಿಣ ಕೊಟ್ಟಳು, ಬೆರಳು ಮಡಿಚಿ ಹಿಡಿದಳು. ಕೊನೆಗೆ ಆ ಬೀದಿಯ ಹೆಂಗಸರೆಲ್ಲ ಮಾಡುವುದನ್ನೇ ಮಾಡಿದಳು. ಮೂಲೆಯ ಔಷಧಿ ಅಂಗಡಿಯ ದಿವಾಕರನ ಹತ್ತಿರ ಹೋಗಿ, ಕಾಲು ನೋವಿನ ಕಾಗದದ ಪೊಟ್ಟಣ ತಂದಳು. ಗುಂಡಿಯಲ್ಲಿ ಕಾಲಿಳಿಸಿ ಕೂರುವ ನೇಕಾರರಿಗೆ ಆ ಪೊಟ್ಟಣ ಟೀ ಇದ್ದ ಹಾಗೆ. ಮಂಡಿ ನೋವಿಗೆ ಒಂದು, ಸೊಂಟಕ್ಕೆ ಒಂದು, ಊಟ ಆದ ಮೇಲೆ ನೀರಿನಲ್ಲಿ ನುಂಗಿ ಮತ್ತೆ ಮಗ್ಗಕ್ಕೆ ಇಳಿಯುವುದು. ಅದನ್ನು ಯಾರೂ ಔಷಧಿ ಎಂದು ಎಣಿಸಿದ್ದೇ ಇಲ್ಲ, ಸುಶೀಲಳೂ ಎಣಿಸಲಿಲ್ಲ.

ತೂಕದ ಹಾಳೆಯನ್ನು ತಂತಿಗೆ ಚುಚ್ಚಿ, ತಲೆ ಬಿಸಿಯಾಗಿ, ಅವಳು ಪೊರಕೆ ಹಿಡಿದು ಮಗ್ಗದ ಗುಂಡಿಗೆ ಇಳಿದಳು. ಗಂಡ ಈಗ ನೇಯುತ್ತಿರಲಿಲ್ಲ, ಆದರೂ ಮಧ್ಯಾಹ್ನ ಅಲ್ಲಿ ಹೋಗಿ ಸುಮ್ಮನೆ ಲಾಳಿ ಸವರುತ್ತಾ ಕೂರುತ್ತಿದ್ದ. ಮೂಲೆಯ ನೂಲಿನ ಚೂರು ಗುಡಿಸುವಾಗ ಪೊರಕೆಗೆ ಏನೋ ತಾಗಿ ಉರುಳಿತು. ಹಳೆಯ ಕೆಮ್ಮಿನ ಔಷಧಿಯ ಬಾಟಲಿ, ಒಳಗೆ ಹಳದಿ ನೀರು, ಪಕ್ಕದಲ್ಲಿ ಒಂದು ಚಮಚ. ಮುಚ್ಚಳ ತೆಗೆದು ಮೂಸಿದಳು. ನಿಂಬೆ. ನಾಲಗೆಗೆ ಮುಟ್ಟಿಸಿದಳು. ಉಪ್ಪು!

ಗುಂಡಿಯಿಂದ ಹೇಗೆ ಮೇಲೆ ಬಂದಳೋ ಅವಳಿಗೇ ಗೊತ್ತಿಲ್ಲ.

"ಇದೇನು? ಯಾರು ತಂದು ಕೊಟ್ಟಿದ್ದು?"

ಚೆನ್ನಿಯಪ್ಪನ್ ಗೋಡೆ ನೋಡಿದ. ಬಾಗಿಲಲ್ಲಿ ಸೊಸೆ ಗೋಕಿಲಾ ಊಟದ ಚೀಲ ಹಿಡಿದು ಮಿಲ್ಲಿನ ವ್ಯಾನಿಗೆ ಹೊರಟು ನಿಂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬಾಟಲಿ ಕಂಡದ್ದೇ ಅವಳ ಮುಖದಲ್ಲಿ ರಕ್ತ ಇಲ್ಲದಾಯಿತು.

"ನಾನೇ ಅತ್ತೆ" ಎಂದಳು. "ಪೋತ್ತನೂರಲ್ಲಿ ನಮ್ಮವ್ವನ ಮನೆಯಿಂದ ತಂದೆ. ಸತ್ಯಮಾ, ಸುಳ್ಳಲ್ಲ, ಡಾಕ್ಟ್ರಮ್ಮಾನೇ ಹೇಳಿದ್ದು. ಹೋದ ತಿಂಗಳು ನೀವು ಬರ್ಲಿಲ್ಲ, ನಾನು ಮಾವನ ಜತೆ ಹೋಗಿದ್ನಲ್ಲ, ಆವಾಗ. ಕಾಲು ಎಳೆಯೋಕೆ ಶುರುವಾದ ಒಡನೆ ಉಪ್ಪಿನಕಾಯಿ ನೀರು ಒಂದೇ ಒಂದು ಚಮಚ ಬಾಯಿಗೆ ಹಾಕಿ, ಸೆಳೆತ ಬಿಡುತ್ತೆ ಅಂದ್ರು."

"ಹೊಟ್ಟೇಲಿ ನೀರು ನಿಂತವರಿಗೆ ಉಪ್ಪಿನ ನೀರು ಕುಡಿಸು ಅಂತ ಹೇಳಿದ್ರಾ? ಯಾರ ಕಿವಿಗೆ ಹೂ ಇಡ್ತೀಯ?"

"ಫೋನ್ ಹಾಕಿ ಕೊಡ್ತೀನಿ, ನೀವೇ ಕೇಳಿ ಅತ್ತೆ."

"ನಂಗ್ಯಾವ ಫೋನೂ ಬೇಡ!" ಸುಶೀಲ ಸೊಸೆ ನೀಡಿದ ಫೋನನ್ನು ಕೈಯಿಂದ ತಳ್ಳಿದಳು. "ನಾಲ್ಕು ತಿಂಗಳು ನಾನು ಬಾಯಿ ಕಟ್ಟಿ, ಮನೆಯೋರ ಬಾಯಿ ಕಟ್ಟಿ, ಇವರನ್ನ ಉಳಿಸ್ಕೊಂಡು ಬಂದ್ರೆ, ನೀನು ಗುಂಡೀಲಿ ಬಾಟ್ಲಿ ಇಟ್ಟಿದ್ದೀಯ."

"ಅವಳನ್ನ ಬಯ್ಬೇಡ ಸುಶೀಲಾ. ಕುಡಿದ್ರೆ ನಿಮಿಷದಲ್ಲಿ ಬುಡ್ತದೆ, ಸತ್ಯಾನೇ" ಎಂದ ಚೆನ್ನಿಯಪ್ಪನ್. "ನಿನ್ನ ಮುಂದೆ ಕುಡಿಯೋಕೆ ಭಯ. ಅವಳು ಮಿಲ್ಲಿಗೆ ಹೋದ್ಮೇಲೆ ಸೆಳೆತ ಬಂದ್ರೆ, ನೀನು ಗುಂಡಿ ಹತ್ರ ಇದ್ರೆ, ಕೂಗ್ಕೊಂಡು ಇರ್ತೀನಿ."

ಆ ಮಾತು ಅವಳಿಗೆ ಕೇಳಿಸಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಕೋಪ ಬಂದವಳ ಕಿವಿಗೆ ಬಾಗಿಲಿಲ್ಲ. ಅವಳು ಬಾಟಲಿಯನ್ನು ಬೀದಿಯ ಚರಂಡಿಗೆ ಎಸೆದಳು, ಅದು ಒಡೆದ ಸದ್ದಿಗೆ ಚಂದ್ರಾ ಹೊರಗೆ ಬಂದಳು. "ಉಪ್ಪು ತಿಂದವರು ನೀರು ಕುಡೀಲೇಬೇಕು" ಎಂದು ಸುಶೀಲ ಬೀದಿಗೆ ಕೇಳುವಂತೆ ಹೇಳಿದಳು. "ನಾಳೆ ಆನೈಮಲೈಗೆ ಹೋಗ್ತೀನಿ. ಮೆಣಸಿನಕಾಯಿ ಅರೆದು ಬರ್ತೀನಿ."

ಚಂದ್ರಾ ಕೆನ್ನೆ ಬಡಿದುಕೊಂಡಳು. ಆನೈಮಲೈಯ ಮಾಸಾಣಿ ಅಮ್ಮನ ಗುಡಿಯಲ್ಲಿ ಮೆಣಸಿನಕಾಯಿ ಅರೆಯುವುದೆಂದರೆ ಆ ಕಡೆಯಲ್ಲಿ ಪೊಲೀಸು ಕೋರ್ಟಿಗಿಂತ ದೊಡ್ಡದು. ಅನ್ಯಾಯ ಆದವರು ಒಣಮೆಣಸಿನಕಾಯಿ ತಂದು, ಕಲ್ಲಲ್ಲಿ ಅರೆದು, ನ್ಯಾಯದ ಕಲ್ಲಿಗೆ ಬಳಿಯುತ್ತಾರೆ. ತಪ್ಪು ಮಾಡಿದವರ ಮೈಗೆ ಆ ಉರಿ ಹತ್ತುತ್ತದೆ ಎಂದು ನಂಬಿಕೆ. ತೀರ್ಪು ಸಿಕ್ಕ ಮೇಲೆ ಮತ್ತೆ ಹೋಗಿ ತಾಯಿಗೆ ತಂಪು ಮಾಡಿ ಬರಬೇಕು. ಸ್ವಂತ ಮನೆಯವರ ಮೇಲೆ ಯಾರೂ ಅರೆಯುವುದಿಲ್ಲ.

ಗೋಕಿಲಾ ಆ ದಿನ ವ್ಯಾನು ಹತ್ತಲಿಲ್ಲ. ಬಹಳ ಹೊತ್ತು ಹಿತ್ತಿಲಲ್ಲಿ ಕೂತಿದ್ದು ಬಂದು, "ನಾನೂ ಬರ್ತೀನಿ ಅತ್ತೆ" ಎಂದಳು.

ಗುರುವಾರ ಬೆಳಿಗ್ಗೆ ತೂಕ ಅರವತ್ತೆರಡು ತೋರಿಸಿತು. ಚೆನ್ನಿಯಪ್ಪನ್ ಇಡ್ಲಿ ಅರ್ಧಕ್ಕೆ ಬಿಟ್ಟ. ಗೋಕಿಲಾ ಹಿತ್ತಿಲಲ್ಲಿದ್ದಾಗ ಸುಶೀಲ ಅವನ ಅಂಗೈಗೆ ಪೊಟ್ಟಣದ ಮಾತ್ರೆ ಹಾಕಿ ನೀರು ಕೊಟ್ಟಳು. "ನುಂಗಿ. ಬಸ್ಸಲ್ಲಿ ನಾನು ನೆಮ್ಮದಿಯಾಗಿ ಕೂರ್ಬೇಕು" ಎಂದಳು. ಅವನು ನುಂಗಿದ. ಚಂದ್ರಾಗೆ ಕಾವಲು ಹೇಳಿ, ಅತ್ತೆ ಸೊಸೆ ಪೊಳ್ಳಾಚಿಯಲ್ಲಿ ಬಸ್ಸು ಬದಲಿಸಿ ಆನೈಮಲೈ ಸೇರಿದರು.

ಕಲ್ಲಿನ ಮುಂದೆ ಕೂತು ಮೆಣಸಿನಕಾಯಿ ಹಾಕಿದ ಮೇಲೆ ಸುಶೀಲಳಿಗೆ ಹೆಸರು ಹೇಳಬೇಕಾದ ಹೊತ್ತು ಬಂತು. ಪಕ್ಕದಲ್ಲಿ ಸೊಸೆ ನಿಂತಿದ್ದಳು. ಆರು ವರ್ಷ ಒಂದೇ ಒಲೆಯ ಮುಂದೆ ನಿಂತವಳು. ತನಗೆ ಜ್ವರ ಬಂದಾಗ ಮೂರು ದಿನ ಮಿಲ್ಲು ಬಿಟ್ಟು ಗಂಜಿ ಕಾಯಿಸಿ ಕೊಟ್ಟವಳು. ಗೋಕಿಲಾ ಎಂಬ ಹೆಸರು ಸುಶೀಲಳ ಗಂಟಲವರೆಗೆ ಬಂದು ಅಲ್ಲೇ ನಿಂತುಬಿಟ್ಟಿತು.

"ತಾಯಿ" ಎಂದಳು ಕೊನೆಗೆ. "ಇವರ ಹೊಟ್ಟೇಲಿ ನೀರು ತುಂಬೋಕೆ ಯಾರ ಕೈ ಕಾರಣವೋ, ಆ ಕೈಗೆ ಉರಿ ಹತ್ತಲಿ. ಯಾರಾಗಿದ್ರೂ ಸೆರಿ, ಬಿಡ್ಬೇಡ."

ಹೇಳಿ ಅರೆಯತೊಡಗಿದಳು. ನಾಲ್ಕು ಸುತ್ತು ಆಗಿರಬಹುದು, ಗೋಕಿಲಾ ಕೆಳಗೆ ಕೂತು ಕಲ್ಲಿನ ಇನ್ನೊಂದು ತುದಿಗೆ ಕೈ ಹಾಕಿದಳು.

"ನೀನ್ಯಾಕೆ?"

"ನಾನೂ ಅರೀತೀನಿ. ನನ್ನ ಕೈ ಆಗಿದ್ರೆ ನಂಗೇ ಉರೀಲಿ."

ಹುಡುಗಿಯ ಕಣ್ಣಿಂದ ಘಾಟಿಗೋ ದುಃಖಕ್ಕೋ ನೀರು ಇಳಿಯುತ್ತಿತ್ತು, ಕೈ ಮಾತ್ರ ಅರೆಯುವುದನ್ನು ಬಿಡಲಿಲ್ಲ. ತಪ್ಪು ಮಾಡಿದವಳು ಈ ಕಲ್ಲು ಮುಟ್ಟುವುದುಂಟೇ! ಸುಶೀಲಳ ಮನಸ್ಸು ಅಲ್ಲಿ ಮೊದಲ ಸಲ ಅಲುಗಿತು. ಇವಳಲ್ಲ ಎಂದರೆ ಮತ್ತೆ ಯಾರು? ಕೆಂಪು ಮುದ್ದೆಯನ್ನು ನ್ಯಾಯದ ಕಲ್ಲಿಗೆ ಬಳಿದು ಇಬ್ಬರೂ ಕೈ ತೊಳೆದರು. ತೊಳೆದರೂ ಉರಿ ಹೋಗಲಿಲ್ಲ.

ಪೊಳ್ಳಾಚಿಯ ಬಸ್ ಸ್ಟ್ಯಾಂಡಿನಲ್ಲಿ ಗೋಕಿಲಾಳ ಫೋನಿಗೆ ಚಂದ್ರಾಳ ಕರೆ ಬಂತು. ಬೆಳಿಗ್ಗೆಯಿಂದ ಅವರು ಒಂದಕ್ಕೇ ಹೋಗಿಲ್ಲ, ಹೊಟ್ಟೆ ಡೋಲಿನ ಹಾಗಿದೆ, ಮಲಗಿದರೆ ಉಸಿರು ಕಟ್ಟುತ್ತದೆ, ಬೇಗ ಬನ್ನಿ. ಗೋಕಿಲಾ ಫೋನಿನಲ್ಲೇ ಕಾರು ಗೊತ್ತು ಮಾಡಿದಳು, ಆಸ್ಪತ್ರೆಗೆ ಹೇಳಿದಳು, ಗಂಡನಿಗೂ ಹೇಳಿದಳು. ಸುಶೀಲ ಮಾತ್ರ ಕಂಬ ಹಿಡಿದು "ತಾಯೇ, ಅವರನ್ನಲ್ಲ, ಅವರನ್ನಲ್ಲ" ಎನ್ನುತ್ತಾ ನಿಂತಿದ್ದಳು.

ಸಂಜೆ ಐದರ ಹೊತ್ತಿಗೆ ಚೆನ್ನಿಯಪ್ಪನ್ ಕೋಯಮತ್ತೂರಿನ ಆಸ್ಪತ್ರೆಯ ಹಾಸಿಗೆಯಲ್ಲಿ ಒರಗಿ ಕೂತಿದ್ದ. ಕೈಗೆ ಸೂಜಿ, ಕೆಳಗೆ ಮೂತ್ರದ ಚೀಲ. ಚೀಲ ಖಾಲಿ. ಡಾಕ್ಟರಮ್ಮ ನಿವೇತಾ ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದಳು. ಚಿಕ್ಕ ವಯಸ್ಸಿನವಳು, ತಮಿಳಿನಲ್ಲಿ ಮೆಲ್ಲಗೆ ಮಾತಾಡುವವಳು.

"ಕಿಡ್ನಿಗೆ ಪೆಟ್ಟು ಬಿದ್ದಿದೆ. ಇಷ್ಟು ಬೇಗ ಹೀಗಾಗಬಾರದು. ಮನೆಯಲ್ಲಿ ಏನಾಯ್ತು?"

"ಉಪ್ಪಿನಕಾಯಿ ನೀರು ಕೊಟ್ಟಿದ್ದೆ ಡಾಕ್ಟ್ರಮ್ಮಾ" ಎಂದಳು ಗೋಕಿಲಾ, ತಪ್ಪು ಒಪ್ಪಿಕೊಳ್ಳುವವಳ ದನಿಯಲ್ಲಿ. "ನೀವು ಹೇಳಿದ ಹಾಗೆ ಒಂದೊಂದು ಚಮಚ. ವಾರಕ್ಕೆ ಮೂರ್ನಾಲ್ಕು ಸಲ."

"ಅದು ನಾನೇ ಹೇಳಿದ್ದಲ್ಲವಾ. ಹುಳಿ ಗಂಟಲಿಗೆ ತಾಗಿದರೆ ನರಕ್ಕೆ ಸುದ್ದಿ ಹೋಗಿ ಸೆಳೆತ ಬಿಡುತ್ತೆ. ಆ ಒಂದು ಚಮಚದಿಂದ ಇಷ್ಟೆಲ್ಲ ಆಗಲ್ಲಮ್ಮ." ಡಾಕ್ಟರಮ್ಮ ಸುಶೀಲಳ ಕಡೆ ತಿರುಗಿದಳು. "ಬೇರೆ ಏನಾದರೂ? ನೋವಿನ ಮಾತ್ರೆ? ಲಿವರ್ ಹೀಗಿರುವವರಿಗೆ ಅದು ಕಿಡ್ನಿಯನ್ನೇ ಹಿಡಿಯುತ್ತೆ, ಮೈಯಲ್ಲಿ ನೀರು ನಿಲ್ಲಿಸಿಬಿಡುತ್ತೆ. ಕೊಟ್ಟಿದ್ದರೆ ಈಗಲೇ ಹೇಳಬೇಕು. ಯಾವ ಮಾತ್ರೆ, ಎಷ್ಟು ದಿನ ಅಂತ ಗೊತ್ತಾದರೆ ನಮಗೆ ದಾರಿ ಸಿಗುತ್ತೆ."

ಸುಶೀಲಳ ಕೈ ಸೊಂಟದ ಚೀಲವನ್ನು ಮುಟ್ಟಿತು.

ಪೊಟ್ಟಣ ಅವಳ ಸೊಂಟದಲ್ಲೇ ಇತ್ತು. ಎಲೆಯಡಿಕೆ ಚೀಲದಲ್ಲಿ, ಉಪ್ಪಿನ ಬೀಗದ ಕೀಲಿಯ ಪಕ್ಕದಲ್ಲಿ. ಅದು ಯಾರಿಗೂ ಗೊತ್ತಿರಲಿಲ್ಲ. ಗೋಕಿಲಾ ಮಿಲ್ಲಿಗೆ ಹೋದ ಮೇಲೆ ಕೊಡುತ್ತಿದ್ದುದು, ಹಾಸಿಗೆಯಲ್ಲಿರುವವನು ಹೆಂಡತಿ ಕೊಟ್ಟದ್ದನ್ನು ಏನೆಂದು ಕೇಳದೆ ನುಂಗುವವನು, ಹೆಂಡತಿಯ ಹೆಸರನ್ನು ಸತ್ತರೂ ಹೇಳದವನು. ಇಲ್ಲ ಎಂದು ತಲೆಯಾಡಿಸಿದರೆ ಮುಗಿಯಿತು. ಬೀದಿಯಲ್ಲಿ ಅವಳು ಕೂಗಿದ್ದು, ಚಂದ್ರಾ ಕೆನ್ನೆ ಬಡಿದುಕೊಂಡದ್ದು, ಸೊಸೆ ಅಷ್ಟು ದೂರ ಬಂದು ತಾನೇ ಕಲ್ಲಿಗೆ ಕೈ ಹಾಕಿದ್ದು, ಎಲ್ಲವೂ ಅವಳ ಕಣ್ಣ ಮುಂದೆ ಬಂತು. ನಾಳೆ ಯಾವ ಮುಖ ಹೊತ್ತು ಆ ಬೀದಿಯಲ್ಲಿ ನಡೆಯುವುದು? ಗಂಡನ ಕಡೆ ನೋಡಿದಳು. ಅವನು ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಕೆಳಗಿನ ಚೀಲ ಇನ್ನೂ ಖಾಲಿಯಾಗಿಯೇ ಇತ್ತು.

ಅವಳ ಬಲಗೈ ಉರಿಯುತ್ತಿತ್ತು, ಬೆಳಿಗ್ಗೆಯಿಂದಲೂ.

ಆ ಕೈಯಿಂದಲೇ ಚೀಲದ ದಾರ ಬಿಚ್ಚಿ, ಕಾಗದದ ಪೊಟ್ಟಣ ತೆಗೆದು ಹಾಸಿಗೆಯ ಮೇಲಿಟ್ಟಳು. "ದಿನಕ್ಕೆ ಎರಡು. ಹತ್ತು ದಿನ. ಕಾಲು ನೋವಿಗೆ."

"ಯಾರು ಕೊಟ್ಟಿದ್ದು?"

"ನಾನೇ" ಎಂದಳು. "ನಾನೇ ತಂದೆ, ನಾನೇ ನುಂಗಿಸಿದೆ. ಇವತ್ತು ಬೆಳಿಗ್ಗೇನೂ ನುಂಗಿಸಿ ಗುಡಿಗೆ ಹೋದೆ."

ಡಾಕ್ಟರಮ್ಮ ಬಯ್ಯುತ್ತಾಳೆ ಎಂದುಕೊಂಡಳು. ಡಾಕ್ಟರಮ್ಮ ಬಯ್ಯಲಿಲ್ಲ. ಮಾತ್ರೆಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ನರ್ಸಿಗೆ ಸರಸರನೆ ಏನೇನೋ ಹೇಳಿ, ಹಳೆಯ ಕೆಲವು ಮಾತ್ರೆ ನಿಲ್ಲಿಸಿ, ಹೊಸ ಔಷಧಿಯ ಬಾಟಲಿ ಕಂಬಕ್ಕೆ ಹಾಕಿಸಿದಳು. "ಹೇಳಿದ್ದು ಒಳ್ಳೇದಾಯ್ತಮ್ಮ. ನಾಳೆವರೆಗೆ ನೋಡಬೇಕು. ಮೂತ್ರ ಬಂದರೆ ಗೆದ್ದೆವು" ಎಂದಳು. ಸೊಸೆಯ ಕಡೆ ತಿರುಗಿ ನೋಡುವ ಧೈರ್ಯ ಸುಶೀಲಳಿಗಿರಲಿಲ್ಲ.

ಅಷ್ಟರಲ್ಲಿ ಚೆನ್ನಿಯಪ್ಪನ್ ಕೂಗಿದ. ಎಡಗಾಲಿನ ಮೀನಖಂಡ ಹೊದಿಕೆಯ ಕೆಳಗೆ ಉಂಡೆಯಾಗಿ ಎದ್ದಿತ್ತು, ಹೆಬ್ಬೆರಳು ನೆಟ್ಟಗೆ ಸೆಟೆದಿತ್ತು. "ಯಪ್ಪಾ! ಕಾಲು, ಕಾಲು!"

"ಆ ನೀರಿದೆಯಾ?" ಎಂದಳು ಡಾಕ್ಟರಮ್ಮ.

ಗೋಕಿಲಾ ಅತ್ತೆಯ ಮುಖ ನೋಡಿದಳು. ಆ ನೀರು ಬೀದಿಯ ಚರಂಡಿಯಲ್ಲಿತ್ತು.

ಸುಶೀಲ ಓಡಿದಳು. ಐವತ್ತೆಂಟು ವರ್ಷದ ಹೆಂಗಸು, ಚಪ್ಪಲಿಯಿಲ್ಲದೆ, ಮೆಟ್ಟಿಲು ಇಳಿದು, ಆಸ್ಪತ್ರೆಯ ಕ್ಯಾಂಟೀನಿನ ಒಳಕ್ಕೇ ನುಗ್ಗಿ, ಮೊಸರನ್ನ ಬಡಿಸುತ್ತಿದ್ದ ಪೆರಿಯಸಾಮಿಯ ಎದುರು ಕೈ ನೀಡಿ ನಿಂತಳು. "ಅಣ್ಣಾ, ಉಪ್ಪಿನಕಾಯಿ. ಹೋಳು ಬೇಡ, ನೀರು ಮಾತ್ರ ಕೊಡಣ್ಣಾ!" ನಾಲ್ಕು ತಿಂಗಳು ಉಪ್ಪಿಗೆ ಬೀಗ ಹಾಕಿದ್ದ ಬಾಯಿಂದ ಬಂದ ಮಾತು ಅದು. ಅವನು ಅವಳ ಮುಖ ನೋಡಿ ಏನೂ ಕೇಳದೆ, ಭರಣಿ ವಾಲಿಸಿ, ನಿಂಬೆಯ ರಸವನ್ನು ಒಂದು ಲೋಟಕ್ಕೆ ಬಗ್ಗಿಸಿಕೊಟ್ಟ.

ಮೇಲೆ ಬರುವಷ್ಟರಲ್ಲಿ ಅರ್ಧ ಚೆಲ್ಲಿತ್ತು. ಡಾಕ್ಟರಮ್ಮ ಒಂದು ಚಮಚ ಅಳೆದು ಕೊಟ್ಟಳು. ಸುಶೀಲ ಅದನ್ನು ಗಂಡನ ಬಾಯಿಗೆ ಹಾಕಿದಳು. ಅವನು ಕಣ್ಣು ಕಿರಿದು ಮಾಡಿ, ಬಾಯಲ್ಲಿ ಹೊರಳಿಸಿ, ನುಂಗಿದ. ಅವಳ ಕೈ ಅವನ ಮೀನಖಂಡದ ಮೇಲಿತ್ತು. ಒಂದರಿಂದ ಎಣಿಸತೊಡಗಿದಳು. ನಲವತ್ತಕ್ಕೆ ಕಲ್ಲು ಸ್ವಲ್ಪ ಮೆತ್ತಗಾಯಿತು. ಎಪ್ಪತ್ತಕ್ಕೆ ಬೆರಳುಗಳು ಕೆಳಗೆ ಇಳಿದವು. ನೂರಾಗುವ ಮೊದಲೇ ಅವನು ತಲೆ ಹಿಂದಕ್ಕೆ ಒರಗಿಸಿದ.

"ಬುಡ್ತು" ಎಂದ. "ನಿನ್ನ ಕೈಲಿ ಕುಡಿದ್ರೂ ಬುಡ್ತದೆ ಕಣೇ. ನಾನು ಸುಮ್ನೆ ಹೆದರ್ಕೊಂಡಿದ್ದೆ."

ಅವಳು ಅಲ್ಲೇ ಹಾಸಿಗೆಯ ಅಂಚಿಗೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತಳು. ವಾರ್ಡಿನವರೆಲ್ಲ ನೋಡಿದರು, ನೋಡಲಿ.

ರಾತ್ರಿ ಕಣ್ಣನ್ ತಿರುಪ್ಪೂರಿನಿಂದ ಬಂದ. ಬೆಳಗಿನ ಜಾವ ಚೀಲದ ತಳದಲ್ಲಿ ಒಂದಿಷ್ಟು ಹಳದಿ ಕಂಡಿತು. ಏಳು ಗಂಟೆಗೆ ನರ್ಸು ಬಗ್ಗಿ ಗೆರೆ ನೋಡಿ, "ಮುನ್ನೂರು ದಾಟಿದೆ" ಎಂದಳು. ಗೆದ್ದೆವೆಂದು ಇನ್ನೂ ಯಾರೂ ಹೇಳಲಿಲ್ಲ, ಆದರೆ ಡಾಕ್ಟರಮ್ಮ ಬಂದವಳು ಚೀಲ ನೋಡಿ ಮೊದಲ ಸಲ ನಕ್ಕಳು.

ಹೊರಗಿನ ಬೆಂಚಿನ ಮೇಲೆ ಗೋಕಿಲಾ ಎರಡು ಲೋಟ ಕಾಫಿ ತಂದು ಕೂತಳು. ಸುಶೀಲಳಿಗೆ ಬಿಸಿ ಲೋಟ ಹಿಡಿಯಲಾಗಲಿಲ್ಲ. ಸೊಸೆ ಅವಳ ಬಲಗೈ ಎಳೆದುಕೊಂಡು ನೋಡಿದಳು, ಅಂಗೈ ಇನ್ನೂ ಕೆಂಪಾಗಿತ್ತು. ಕ್ಯಾಂಟೀನಿನಿಂದ ಒಂದಿಷ್ಟು ಮೊಸರು ತಂದು ಅಂಗೈಗೆ ಸವರಿದಳು.

"ನಿನ್ನ ಕೈ ಉರೀಲಿಲ್ವಾ?" ಎಂದು ಕೇಳಿದಳು ಸುಶೀಲ.

"ನಿನ್ನೆ ಬಸ್ಸಲ್ಲೇ ಸರಿಹೋಯ್ತು ಅತ್ತೆ."

ಸುಶೀಲ ತನ್ನ ಕೆಂಪು ಅಂಗೈ ನೋಡಿಕೊಂಡಳು. ಆಮೇಲೆ ಇನ್ನೊಂದು ಕೈಯಿಂದ ಸೊಂಟದ ಚೀಲ ಬಿಚ್ಚಿ, ಕೀಲಿ ತೆಗೆದು ಸೊಸೆಯ ಮಡಿಲಿಗೆ ಹಾಕಿದಳು.

"ಇವರು ಮನೆಗೆ ಬಂದ ಮೇಲೆ ಆನೈಮಲೈಗೆ ಮತ್ತೆ ಹೋಗ್ಬೇಕು" ಎಂದಳು.

"ತಾಯಿಗೆ ತಂಪು ಮಾಡೋಕಾ?"

"ಅದಕ್ಕೂ ಮುಂಚೆ ಒಂದು ಕೆಲ್ಸ ಇದೆ. ನಿನ್ನೆ ಹೆಸರು ಹೇಳದೆ ಅರೆದು ಬಂದೆ. ಹೆಸರು ಹೇಳ್ಬಿಟ್ಟು ಬರ್ತೀನಿ. ನೀನೂ ಬಾ, ನನ್ನ ಕಣ್ಣು. ನಾನು ಹೇಳೋದನ್ನ ನೀನು ನಿಂತು ಕೇಳ್ಬೇಕು."